ಪರರಾಜ್ಯದಲ್ಲಿ ಜಿಂಕೆ ಬೇಟೆ: ಕೊಂಬಿಗಿಂತ ಮೊದಲು ಕಾಯ್ದೆ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಯುವಕರಲ್ಲಿ ಕೆಲವರು, ವಿಶೇಷವಾಗಿ ಕೊಡಗು, ಮಲೆನಾಡಿನ ಕಡೆಯಿಂದ ಬಂದ ನನ್ನ ಪರಿಚಿತರು, ಬಿಳಿಬಾಲದ ಜಿಂಕೆಯ ಬೇಟೆಗಾಗಿ ತಾವಿರುವ ರಾಜ್ಯವನ್ನು ಬಿಟ್ಟು ಬೇರೆ ರಾಜ್ಯಕ್ಕೆ ಹೋಗುವ ಉತ್ಸಾಹ ತೋರುತ್ತಿದ್ದಾರೆ. ಯಾವ ರಾಜ್ಯಕ್ಕೆ ಹೋಗಬೇಕೆಂಬುದನ್ನು ಅವರು ನಿರ್ಧರಿಸುವ ರೀತಿ ಸರಿಯಿಲ್ಲವೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಮೊಬೈಲಿನಲ್ಲಿ ಕಂಡ ದೊಡ್ಡ ಕೊಂಬಿನ ಚಿತ್ರವೇ ಅವರ ಆಯ್ಕೆಗೆ ಆಧಾರವಾಗುತ್ತಿದೆ. ಅವರೂ ಊರಿನಲ್ಲಿರುವ ಅವರ ಹಿರಿಯರೂ ತಮ್ಮ ಪತ್ರಿಕೆಯನ್ನು ಓದುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಅಮೆರಿಕದಲ್ಲಿ ಅದಕ್ಕೆ ಅವಕಾಶವಿದೆಯಾದರೂ ಕಟ್ಟುಪಾಡುಗಳೇನೂ ಕಡಿಮೆಯಿಲ್ಲ. ಹಿಂದಿನ ಶತಮಾನದ ಆರಂಭದ ಹೊತ್ತಿಗೆ ಮಿತಿಯಿಲ್ಲದ ಬೇಟೆಯಿಂದ ಕೆಲವೇ ಲಕ್ಷಕ್ಕೆ ಕುಸಿದಿದ್ದ ಈ ಜಿಂಕೆಗಳು ಮತ್ತೆ ಕೋಟಿಗಳ ಲೆಕ್ಕಕ್ಕೆ ಏರಿರುವುದರ ಹಿಂದೆ ರಾಜ್ಯಗಳ ಪರವಾನಗಿ ಪದ್ಧತಿಯಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯಿಂದ ವನ್ಯಜೀವಿ ಇಲಾಖೆಗಳಿಗೆ ಸಲ್ಲುವ ಹಣವೂ ಇದೆ. ಇಲ್ಲಿ ಜಿಂಕೆಯ ಹೊಣೆ ಆಯಾ ರಾಜ್ಯದ್ದು. ಆದ್ದರಿಂದಲೇ ಹೊರಗಿನವರಿಗೆ ಶುಲ್ಕವೂ ಹೆಚ್ಚು, ನಿಯಮವೂ ಬೇರೆ.

ಎಲ್ಲರ ಬಾಯಲ್ಲೂ ಕೇಳಿಬರುವ ಹೆಸರು ಅಯೋವಾ. ಅಲ್ಲಿ ದೊಡ್ಡ ಕೊಂಬಿನ ಗಂಡು ಜಿಂಕೆಗಳಿರುವುದು ನಿಜ. ಆದರೆ ಹೊರರಾಜ್ಯದವರಿಗೆ ಗಂಡು ಜಿಂಕೆಯ ಪರವಾನಗಿ ವರ್ಷಕ್ಕೆ 6,000ಕ್ಕೆ ಸೀಮಿತ. ಚೀಟಿ ಎತ್ತಿ ಹಂಚುವ ಆ ಪರವಾನಗಿ ಬೇಡಿಕೆಯಿರುವ ವಲಯಗಳಲ್ಲಿ ಸಿಗಬೇಕಾದರೆ ವರ್ಷಗಟ್ಟಲೆ ಆದ್ಯತಾ ಅಂಕಗಳನ್ನು ಕೂಡಿಹಾಕುತ್ತ ಕಾಯಬೇಕು. ಕಾನ್ಸಸ್‌ನಲ್ಲಿಯೂ ಚೀಟಿ ಪದ್ಧತಿಯೇ ಇದೆ, ಭೂಮಿ ಬಹುತೇಕ ಖಾಸಗಿಯವರದು. ಆದರೂ ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಸಾರ್ವಜನಿಕರ ಬೇಟೆಗೆ ತೆರೆದಿಡುವ ಅಲ್ಲಿನ ಸರ್ಕಾರದ ಯೋಜನೆ ಮೆಚ್ಚುವಂಥದ್ದು. ಟೆಕ್ಸಾಸ್‌ನಲ್ಲಿ ಜಿಂಕೆಗಳು ಹೇರಳವಾಗಿದ್ದರೂ ಜಮೀನಿನ ಒಡೆಯನಿಗೆ ಹಣ ತೆರದೆ ಬೇಟೆಯಾಡಬಲ್ಲ ಜಾಗ ಬಲು ಕಡಿಮೆ. (ನಮ್ಮ ಬಂಡೀಪುರದಲ್ಲಿ ಕಾಣುವ ಜಾತಿಯ ಚುಕ್ಕೆ ಜಿಂಕೆಯನ್ನು 1930ರ ದಶಕದಲ್ಲಿ ಅಲ್ಲಿಗೆ ಒಯ್ದು ಬಿಟ್ಟಿದ್ದು, ಈಗ ಅದೂ ಬೇಟೆಯ ಪ್ರಾಣಿಯಾಗಿದೆ.)

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಒಹಾಯೊ ಅಥವಾ ಕೆಂಟಕಿ. ಎರಡೂ ಕಡೆ ಚೀಟಿಯ ಗೋಜಿಲ್ಲದೆ ಪರವಾನಗಿ ಕೊಳ್ಳಬಹುದು. ಒಹಾಯೊದ ಆಗ್ನೇಯ ಭಾಗದ ಗುಡ್ಡಗಾಡಿನಲ್ಲಿ ಎರಡು ಲಕ್ಷ ಎಕರೆಗೂ ಮಿಕ್ಕಿದ ವೇಯ್ನ್ ರಾಷ್ಟ್ರೀಯ ಅರಣ್ಯ ಎಲ್ಲರಿಗೂ ತೆರೆದಿದೆ. ಈ ಭಾಗದಲ್ಲಿ ಜಿಂಕೆಗಳಿಗೆ ನವೆಂಬರ್ ಬೆದೆಗಾಲ. ಹಗಲಿನಲ್ಲೂ ಗಂಡುಗಳು ಓಡಾಡುವ ಆ ದಿನಗಳಿಗೇ ರಜೆಯನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ಅಲಬಾಮಾದ ಹಲವು ಕಡೆ ಬೆದೆ ಜನವರಿಗೆ ಬರುವುದರಿಂದ, ನವೆಂಬರಿನಲ್ಲಿ ರಜೆ ಸಿಗದವರು ಆ ರಾಜ್ಯವನ್ನು ಯೋಚಿಸಬಹುದು.

ಇಷ್ಟೆಲ್ಲ ನೋಡುವವರೂ ಮರೆಯುವ ಸಂಗತಿಯೊಂದಿದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲು ಕಂಡುಬಂದ, ಜಿಂಕೆಯ ಮಿದುಳನ್ನು ನಾಶಮಾಡಿ ಪ್ರಾಣಿಯನ್ನು ಕೃಶಗೊಳಿಸಿ ಕೊಲ್ಲುವ, ಚಿಕಿತ್ಸೆಯೇ ಇಲ್ಲದ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಕಾಯಿಲೆ ಈಗ ಹಲವಾರು ರಾಜ್ಯಗಳಿಗೆ ಹರಡಿದೆ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದಾಗ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅದು ಮೊದಲ ಸಲ ಕಾಣಿಸಿಕೊಂಡಿತ್ತು. ಅದರ ಮೂಲವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಅಡುಗೆಯ ಬಿಸಿಗೆ ನಾಶವಾಗದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗುಲಿದ್ದು ಖಚಿತವಾಗಿಲ್ಲವಾದರೂ, ಸೋಂಕಿರುವ ಪ್ರಾಣಿಯ ಮಾಂಸವನ್ನು ತಿನ್ನಬೇಡಿ ಎಂದು ಇಲ್ಲಿನ ಆರೋಗ್ಯ ಇಲಾಖೆ ಎಚ್ಚರಿಸುತ್ತದೆ. ಹೀಗಾಗಿ ನಾನಿರುವ ಮಿಷಿಗನ್‌ಗೆ ಹೊರರಾಜ್ಯದಿಂದ ಇಡೀ ಜಿಂಕೆಯನ್ನು ತರುವಂತಿಲ್ಲ; ಮೂಳೆ ಬಿಡಿಸಿದ ಮಾಂಸ, ಚರ್ಮ, ಮಿದುಳಿನ ಅಂಶ ಉಳಿಯದಂತೆ ಸ್ವಚ್ಛಗೊಳಿಸಿದ ತಲೆಬುರುಡೆಯ ಚಿಪ್ಪಿನೊಡನೆ ಕೊಂಬು ಇಂಥವಷ್ಟೇ ಬರಬಹುದು. ಬೇಟೆಯಾಡುವ ರಾಜ್ಯ, ನಡುವೆ ಹಾದುಬರುವ ರಾಜ್ಯ, ಮರಳುವ ರಾಜ್ಯ ಮೂರರ ನಿಯಮವನ್ನೂ ಮೊದಲೇ ತಿಳಿದಿರಬೇಕು. ಜಿಂಕೆಯ ಪರೀಕ್ಷೆಗೆ ಮಾದರಿ ಕೊಡುವ ವ್ಯವಸ್ಥೆ ಮತ್ತು ಮಾಂಸ ಬಿಡಿಸಿಕೊಡುವ ಅಂಗಡಿ ಹತ್ತಿರದಲ್ಲಿರುವ ಊರು, ದೊಡ್ಡ ಕೊಂಬಿನ ಖ್ಯಾತಿಯ ಊರಿಗಿಂತ ನನ್ನ ದೃಷ್ಟಿಯಲ್ಲಿ ಉತ್ತಮ.

ಎಚ್1ಬಿಯಂಥ ತಾತ್ಕಾಲಿಕ ವೀಸಾದ ಮೇಲಿರುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಅಂಥವರು ಬಂದೂಕು ಹೊಂದುವುದನ್ನು ಒಕ್ಕೂಟ ಸರ್ಕಾರದ ಕಾಯ್ದೆ ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಹೊಂದಿರುವುದು ಅದಕ್ಕಿರುವ ವಿನಾಯಿತಿಗಳಲ್ಲೊಂದು. ಸ್ನೇಹಿತನ ಬಂದೂಕನ್ನು ಕೈಗೆತ್ತಿಕೊಂಡರೂ ಈ ಕಾಯ್ದೆ ಅನ್ವಯಿಸಬಹುದಾದ್ದರಿಂದ, ಪರವಾನಗಿ ಕೈಸೇರುವ ಮುನ್ನ ಅದನ್ನು ಮುಟ್ಟದಿರುವುದೇ ಕ್ಷೇಮ. ಸಂದೇಹವಿದ್ದವರು ವಲಸೆ ವಕೀಲರನ್ನು ಕೇಳಲಿ, ಇಲ್ಲವೆ ಬಿಲ್ಲಿನ ಬೇಟೆಯನ್ನು ಆರಿಸಿಕೊಳ್ಳಲಿ.

ಇಲ್ಲಿನ ಕನ್ನಡ ಕೂಟಗಳು ಆಸಕ್ತರಿಗೆ ಈ ವಿಷಯಗಳನ್ನು ತಿಳಿಸಿಕೊಡುವ ಒಂದು ಸಭೆ ನಡೆಸಿದರೆ ಉಪಕಾರವಾದೀತು. ಕಾನ್ಸಸ್‌ನ ಅರ್ಜಿ ಏಪ್ರಿಲಿನಲ್ಲೂ ಅಯೋವಾದ ಅರ್ಜಿ ಮೇ ತಿಂಗಳಲ್ಲೂ ಆರಂಭವಾಗುವುದರಿಂದ, ಅಂಥ ಸಭೆ ಯುಗಾದಿಯ ಆಸುಪಾಸಿನಲ್ಲೇ ನಡೆಯಬೇಕೆಂದು ನನ್ನ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮಿಷಿಗನ್, ಅಮೆರಿಕ