ಬೊಹೋಲ್‌ನಿಂದ ಬಂದ ಮೇಲೆ ನಿನಗೊಂದು ಪತ್ರ

ಮಾರಾಯಾ,

ಇಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಈಗ ರಾತ್ರಿ ಹನ್ನೆರಡೂವರೆ. ನಿನಗಲ್ಲಿ ಹತ್ತು ಗಂಟೆ. ಊಟ ಮುಗಿಸಿ ಅಂಗಳಕ್ಕೆ ಬಂದಿರುತ್ತೀಯ, ನೆಟ್‌ವರ್ಕ್ ಸಿಗುವ ಆ ಒಂದೇ ಕಲ್ಲಿನ ಮೇಲೆ ಕೂತಿರುತ್ತೀಯ. ಇದನ್ನ ವಾಟ್ಸಾಪ್‌ನಲ್ಲಿ ಕಳಿಸದೆ ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂತ ಕೇಳುತ್ತೀಯ ಅಲ್ವಾ? ಹೇಳುತ್ತೇನೆ, ಸ್ವಲ್ಪ ತಡಿ. ಮೊದಲು ಟ್ರಿಪ್ಪಿನ ಕಥೆ ಕೇಳು.

ಸೆಮಿಸ್ಟರ್ ಮುಗಿದ ಮೇಲೆ ನಾಲ್ಕು ದಿನ ರಜೆ ಸಿಕ್ಕಿತು. ಹದಿಮೂರು ಜನ ಹೊರಟೆವು. ತೆಲುಗಿನವರು ಎಂಟು, ತಮಿಳರು ಮೂವರು, ವಿಜಯಪುರದವನೊಬ್ಬ, ಆಮೇಲೆ ನಾನು. ಸೆಬು ಬಂದರಿನಿಂದ ತಗ್ಬಿಲರಾನ್‌ಗೆ ಬೋಟಿನಲ್ಲಿ ಎರಡು ಗಂಟೆ. ಫಿಲಿಪ್ಪೀನ್ಸ್‌ನಲ್ಲಿ ಬೊಹೋಲ್ ಅನ್ನುವುದು ಒಂದು ದ್ವೀಪ, ಅದೇ ಒಂದು ಪ್ರಾಂತ್ಯ. ನಮ್ಮ ಜಿಲ್ಲೆಯನ್ನ ಕಿತ್ತು ಸಮುದ್ರದ ಮಧ್ಯೆ ಇಟ್ಟ ಹಾಗೆ ಅಂದುಕೋ. ದಡದುದ್ದಕ್ಕೂ ತೆಂಗು, ಸ್ವಲ್ಪ ಒಳಗೆ ಹೋದರೆ ಗದ್ದೆ, ಅದರಾಚೆ ಗುಡ್ಡ. ಬೋಟು ದಡಕ್ಕೆ ಬರುವಾಗ ಬಂದ ಒಣಮೀನಿನ ವಾಸನೆಗೆ ನಾನು ನಮ್ಮ ತದಡಿ ಬಂದರಿನಲ್ಲೇ ಇಳಿಯುತ್ತಿದ್ದೇನೆ ಅನ್ನಿಸಿತು. ಹೊಟ್ಟೆಯೊಳಗೆ ಏನೋ ಒಂಥರಾ ಆಯಿತು.

ಬೀಚಿನ ವಿಷಯ ಬಿಡು, ಫೋಟೊ ನೋಡಿದ್ದೀಯ. ಟಾರ್ಸಿಯರ್ ಅನ್ನುವ ಮುಷ್ಟಿಗಾತ್ರದ ಪ್ರಾಣಿಯನ್ನೂ ನೋಡಿದೆವು. ಅದು ಮಲಗುವ ಹೊತ್ತು, ಗಲಾಟೆ ಮಾಡಬೇಡಿ ಅಂದಿದ್ದರು. ಬೇಗ ಬಂದುಬಿಟ್ಟೆವು.

ಕಾರ್ಮೆನ್ ಅನ್ನುವ ಊರಿನ ಹತ್ತಿರ ಚಾಕೊಲೇಟ್ ಹಿಲ್ಸ್ ಇದೆ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ಗುಡ್ಡವೋ ಗುಡ್ಡ. 1,200ಕ್ಕೂ ಜಾಸ್ತಿ ಇವೆಯಂತೆ. ಎಲ್ಲಾ ಸುಣ್ಣದ ಕಲ್ಲು. ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿದ್ದ ಹವಳ ಮೇಲೆದ್ದು, ಮಳೆಗೆ ಸವೆದು ಸವೆದು ಹೀಗಾಗಿದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಆ ಹೆಸರು. ನಾವು ಹೋದಾಗ ಅರ್ಧ ಹಸಿರು, ಅರ್ಧ ಕಂದು. ತೆಲುಗಿನವರು ಲಡ್ಡು ಅಂದರು. ನನಗೆ ಸಾಣಿಕಟ್ಟೆಯಲ್ಲಿ ಉಪ್ಪು ಗುಡ್ಡೆ ಹಾಕಿದ ಹಾಗೆ ಕಂಡಿತು. ನೀನು ನಮ್ಮನೆಗೆ ಬಂದಾಗ ಅಲ್ಲಿ ನಿಂತು ಉಪ್ಪು ಬಾಯಿಗೆ ಹಾಕಿಕೊಂಡು, "ನಮ್ಮ ಕಾಡಲ್ಲಿ ಇದೊಂದು ಬೆಳೆಯಲ್ಲ ನೋಡು" ಅಂದಿದ್ದೆ.

ಉಪ್ಪಿನ ಮಾತು ಬಂತಲ್ಲ, ಈಗ ಅಲ್ಲಿಗೇ ಬರುತ್ತೇನೆ.

ವಾಪಸ್ ಬರುವ ದಾರಿಯಲ್ಲಿ ಆಲ್ಬುರ್ಕೆರ್ಕೆ ಅನ್ನುವ ಊರು. ಅಲ್ಲಿ 'ಆಸಿನ್ ತಿಬುಓಕ್' ಅನ್ನುವ ಉಪ್ಪು ಮಾಡುತ್ತಾರೆ. ವ್ಯಾನ್ ನಿಲ್ಲಿಸಿ ಅಂತ ನಾನೇ ಹಟ ಮಾಡಿದೆ. ಉಪ್ಪಿನ ಊರಿನವನು ಉಪ್ಪು ನೋಡದೆ ಹೋಗುವುದುಂಟೇ? ಇವರ ದಾರಿ ನಮ್ಮ ಹಾಗಲ್ಲ. ನಮ್ಮಲ್ಲಿ ನೀರು ಕಟ್ಟಿ ಬಿಸಿಲಿಗೆ ಬಿಟ್ಟರೆ ಆಯಿತು. ಇವರು ತೆಂಗಿನ ಸಿಪ್ಪೆಯನ್ನ ತಿಂಗಳುಗಟ್ಟಲೆ ಸಮುದ್ರದ ನೀರಿನಲ್ಲಿ ನೆನೆಹಾಕುತ್ತಾರೆ. ಆಮೇಲೆ ಕಡಿದು ಒಣಗಿಸಿ, ದಿನಗಟ್ಟಲೆ ನಿಧಾನಕ್ಕೆ ಸುಟ್ಟು ಬೂದಿ ಮಾಡುತ್ತಾರೆ. ಆ ಬೂದಿಯ ಮೇಲೆ ಸಮುದ್ರದ ನೀರು ಸುರಿದು ಸೋಸುತ್ತಾರೆ. ಸೋಸಿದ ನೀರನ್ನ ಸಾಲಾಗಿ ತೂಗುಹಾಕಿದ ಮಣ್ಣಿನ ಗಡಿಗೆಗಳಿಗೆ ಹಾಕಿ, ಕೆಳಗೆ ಬೆಂಕಿ. ನೀರು ಬತ್ತಿದ ಹಾಗೆ ಮತ್ತೆ ಮತ್ತೆ ಸುರಿಯುವುದು. ಕೊನೆಗೆ ಉಪ್ಪು ಗಟ್ಟಿಯಾಗುವ ಹೊತ್ತಿಗೆ ಗಡಿಗೆ ಸೀಳುತ್ತದೆ. ಒಳಗೆ ದೊಡ್ಡ ಮೊಟ್ಟೆಯ ಹಾಗೆ ಉಪ್ಪು ಕೂತಿರುತ್ತದೆ. ಅದನ್ನ ಅನ್ನದ ಮೇಲೆ ತುರಿದುಕೊಂಡು ತಿನ್ನುತ್ತಾರೆ. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಹೊಗೆಯ ರುಚಿ. ನಿಮ್ಮಮ್ಮ ಒಲೆಯಲ್ಲಿ ಸುಟ್ಟು ಕೊಟ್ಟ ಗೆಣಸಿನ ನೆನಪಾಯಿತು. 1995ರಲ್ಲಿ ಇಲ್ಲಿ ಅಯೋಡಿನ್ ಉಪ್ಪಿನ ಕಾನೂನು ಬಂದ ಮೇಲೆ ಇಂಥ ಉಪ್ಪಿಗೆ ಕಷ್ಟ ಆಯಿತು. ಈಗ ಮಾಡುವವರು ಕೆಲವೇ ಮನೆಯವರು.

ಅಲ್ಲೇ ಪಕ್ಕದಲ್ಲಿ ಒಂದು ಸಣ್ಣ ಗೂಡಂಗಡಿ. ನೀರಿನ ಬಾಟಲಿ ತರಲು ಹೋದೆ. ಒಬ್ಬರು ಅಜ್ಜಿ ಕೂತಿದ್ದರು. ಕಾಲ ಬಳಿ ಮೂರು ನಾಲ್ಕು ವರ್ಷದ ಮಗು, ಏನೋ ಬೇಕು ಅಂತ ಹಟ ಹಿಡಿದು ಅಳುತ್ತಿತ್ತು. ಅಜ್ಜಿ ನನ್ನ ಕಡೆ ಬೆರಳು ತೋರಿಸಿ ಏನೋ ಅಂದರು. ಮಗು ಗಪ್ಪನೆ ಸುಮ್ಮನಾಯಿತು. ನನ್ನನ್ನೇ ನೋಡಿತು. ಆಮೇಲೆ ಅಜ್ಜಿಯ ಬೆನ್ನ ಹಿಂದೆ ಹೋಗಿ ಬಚ್ಚಿಟ್ಟುಕೊಂಡಿತು.

ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ. ಬುಂಬಾಯ್.

ಬುಂಬಾಯ್ ಅಂದರೆ ನಾವು. ಬಾಂಬೆಯಿಂದ ಬಂದ ಶಬ್ದ. ನೀನು ಪಂಜಾಬಿನವನಾಗಿರು, ಕುಮಟೆಯವನಾಗಿರು, ಇಲ್ಲಿ ಬುಂಬಾಯ್. ಇಲ್ಲಿಗೆ ಬಂದ ನಮ್ಮವರಲ್ಲಿ ಎಷ್ಟೋ ಜನ ಬೈಕಿನಲ್ಲಿ ಊರೂರು ಸುತ್ತಿ ಸಾಲ ಕೊಡುತ್ತಾರೆ. ಐದು ಕೊಟ್ಟು ಆರು ವಸೂಲಿ. ಅದಕ್ಕೆ 'ಫೈವ್ ಸಿಕ್ಸ್' ಅಂತಲೇ ಹೆಸರು. ಸಾಲದ ಜೊತೆ ಸೊಳ್ಳೆಪರದೆ, ಛತ್ರಿಯನ್ನೂ ಕಂತಿನ ಮೇಲೆ ಮಾರುತ್ತಾರೆ. (ಛತ್ರಿ ಅಂದ ಕೂಡಲೇ ನಿನಗೆ ಏನು ನೆನಪಾಗುತ್ತದೆ ಅಂತ ಗೊತ್ತು. ಅದನ್ನ ಇಲ್ಲಿ ಬರೆಯಲ್ಲ.) ಮಕ್ಕಳು ಹಟ ಮಾಡಿದರೆ "ಬುಂಬಾಯ್ ಬಂದು ಹಿಡಿದುಕೊಂಡು ಹೋಗುತ್ತಾನೆ" ಅಂತ ಹೆದರಿಸುವುದು ವಾಡಿಕೆಯಂತೆ. ವ್ಯಾನಿನ ಡ್ರೈವರ್ ವಿವರಿಸಿದರು.

ನಮ್ಮ ಗುಂಪಿನಲ್ಲಿ ಒಬ್ಬ, "ಅಯ್ಯೋ, ಚೀಲ ತಂದಿಲ್ವಲ್ಲ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಲ್ಲು ಕಾಣಿಸಿತು, ಅಷ್ಟೇ. ಕೈಯಲ್ಲಿದ್ದ ಚಿಲ್ಲರೆಯನ್ನ ಸುಮ್ನೆ ಎಣಿಸಿದೆ. ಮತ್ತೆ ಎಣಿಸಿದೆ. ಲೆಕ್ಕ ಸರಿ ಇತ್ತು. ಮತ್ತೆ ಎಣಿಸಿದೆ.

ಎಣಿಸುತ್ತಿರುವಾಗಲೇ ನನಗೆ ನೀನು ಕಂಡೆ ಮಾರಾಯಾ.

ಪಿಯುಸಿ ಟ್ರಿಪ್ಪು. ಆ ಟಿಕೆಟ್ ಕೌಂಟರ್. ಜಾಗದ ಹೆಸರು ಬೇಡ, ನಿನಗೆ ಗೊತ್ತು. ಒಳಗಿದ್ದವನು ನಿನ್ನ ಮುಖ ನೋಡಿ, ತಲೆಗೂದಲು ನೋಡಿ, "ಫಾರಿನರ್ ರೇಟ್ ಬೇರೆ" ಅಂದ. ನೀನು ಬಾಯಿ ತೆರೆಯುವ ಮೊದಲೇ ನಾನು, ಎಲ್ಲರಿಗೂ ಕೇಳಿಸುವ ಹಾಗೆ, "ಹೌದು ಸರ್, ನೈಜೀರಿಯಾದಿಂದ ಬಂದಿದ್ದಾನೆ, ಜಾಸ್ತಿ ತಗೊಳ್ಳಿ" ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಲೆಕ್ಚರರ್ ಕೂಡ ನಕ್ಕರು.

ನೀನೂ ನಕ್ಕೆ. ಆಮೇಲೆ ಜೇಬಿನಿಂದ ಐಡಿ ಕಾರ್ಡ್ ತೆಗೆದೆ. ಅದರ ಪ್ಲಾಸ್ಟಿಕ್ಕನ್ನ ಹೆಬ್ಬೆರಳಿನಿಂದ ಒರೆಸಿದೆ. ಮತ್ತೆ ಒರೆಸಿದೆ. ಅದರ ಮೇಲೆ ಧೂಳು ಏನೂ ಇರಲಿಲ್ಲ.

ಇಷ್ಟು ವರ್ಷ ನನ್ನ ಮಟ್ಟಿಗೆ ಅದು ಒಂದು ತಮಾಷೆ. ನೀನೂ ನಕ್ಕಿದ್ದೆಯಲ್ಲ, ಹಾಗಾಗಿ ಎಲ್ಲಾ ಸರಿ ಇದೆ ಅಂದುಕೊಂಡಿದ್ದೆ. ಇಲ್ಲಿನ ಗೆಳೆಯರಿಗೂ ಎರಡು ಸಲ ಆ ಕಥೆ ಹೇಳಿ ನಗಿಸಿದ್ದೇನೆ. ಬೊಹೋಲ್‌ನ ಆ ಅಂಗಡಿ ಮುಂದೆ ನಿಂತು ನಾನೇ ಆ ಥರ ನಕ್ಕಾಗ, ನೀನು ಅವತ್ತು ನಕ್ಕದ್ದು ಎಂಥ ನಗು ಅಂತ ತಿಳಿಯಿತು. ಹೋಗುವಾಗ ಬಸ್ಸಿನ ಹಿಂದಿನ ಸೀಟನ್ನೇ ನಿಮ್ಮ ಡಮಾಮಿ ಡೋಲು ಮಾಡಿಕೊಂಡು ಬಡಿಯುತ್ತಾ ಹಾಡಿಸಿದ್ದು ನೀನು. ಬರುವಾಗ ಕಿಟಕಿ ಪಕ್ಕ ಕೂತಿದ್ದೆ. ಹುಡುಗರು ಕರೆದರೆ "ಕೈ ನೋವು" ಅಂದೆ. ನಾನು ನಂಬಿದೆ.

ನನ್ನದಕ್ಕೂ ನಿನ್ನದಕ್ಕೂ ಸಮ ಇದೆ ಅಂತ ಹೇಳುತ್ತಿಲ್ಲ. ನಾನು ಇಲ್ಲಿ ನಿಜವಾಗಿಯೂ ಹೊರಗಿನವನು. ನನ್ನ ಜೇಬಿನಲ್ಲಿ ಪಾಸ್‌ಪೋರ್ಟ್ ಇದೆ, ಓದು ಮುಗಿದರೆ ಹೋಗುತ್ತೇನೆ. ಆ ಅಜ್ಜಿ ಕೂಡ ಕೆಟ್ಟವರಲ್ಲ. ಐದು ನಿಮಿಷ ಬಿಟ್ಟು ನನಗೊಂದು ಬಾಳೆಹಣ್ಣು ಕೊಟ್ಟರು, ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ನೀನು ಇದ್ದದ್ದು ನಿನ್ನದೇ ರಾಜ್ಯದಲ್ಲಿ, ನಿನ್ನದೇ ಕ್ಲಾಸಿನ ಹುಡುಗರ ಮಧ್ಯೆ. ನಿನ್ನ ಕನ್ನಡ ನನ್ನ ಕನ್ನಡಕ್ಕಿಂತ ಚೆಂದ. ಹುಬ್ಬಳ್ಳಿ ಬಸ್ಸಿನಲ್ಲಿ ಜನ ನಿನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತು ಶುರು ಮಾಡುತ್ತಾರೆ ಅಂತ ಒಮ್ಮೆ ಹೇಳಿದ್ದೆ. ನಾನು ಅದಕ್ಕೂ ನಕ್ಕಿದ್ದೆ.

ಇನ್ನೊಂದು ವಿಷಯ ಹೇಳಬೇಕು. ತಗ್ಬಿಲರಾನ್‌ನಲ್ಲಿ ಒಂದು ಸ್ಮಾರಕ ಇದೆ. 1565ರಲ್ಲಿ ಇಲ್ಲಿನ ನಾಯಕ ಸಿಕಾತುನಾ ಮತ್ತು ಸ್ಪೇನಿನ ಲೆಗಾಸ್ಪಿ ರಕ್ತ ಬೆರೆಸಿ ಕುಡಿದು ಗೆಳೆಯರಾದ ನೆನಪಿಗೆ. ಆ ಗೆಳೆತನ ಆಮೇಲೆ ಏನಾಯಿತು ನೋಡು. 1744ರಲ್ಲಿ ದಗೊಹೊಯ್ ಅನ್ನುವವನ ತಮ್ಮ ಸತ್ತಾಗ ಪಾದ್ರಿ ಚರ್ಚಿನ ರೀತಿಯಲ್ಲಿ ಮಣ್ಣು ಮಾಡಲು ಒಪ್ಪಲಿಲ್ಲ. ದಗೊಹೊಯ್ ಜನರನ್ನ ಕಟ್ಟಿಕೊಂಡು ಗುಡ್ಡಕ್ಕೆ ಹೋದ. ಅವನು ತೀರಿಕೊಂಡ ಮೇಲೂ ಅವನ ಜನ ಬಗ್ಗಲಿಲ್ಲ. 1829ರ ತನಕ, 85 ವರ್ಷ. ಡ್ರೈವರ್ ಇದನ್ನ ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು, ನಿಜ ಹೇಳುತ್ತೇನೆ.

ನನಗೆ ನಿಮ್ಮ ಅಜ್ಜ ನೆನಪಾದರು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಸಿದ್ದಿಯರು ಈ ಕಾಡು ಸೇರಿದರು ಅಂತ ಅವರು ಹೇಳುತ್ತಿದ್ದರಲ್ಲ. ಘಟ್ಟದ ಕಾಡು, ಮಳೆ, ಹುಲಿ, ಯಾವುದನ್ನೂ ಕಾಣದವರು. ಅದೂ ಗುಡ್ಡಕ್ಕೆ ಹೋಗಿ ಬಗ್ಗದೆ ಉಳಿದ ಕಥೆಯೇ ತಾನೇ? ಯಲ್ಲಾಪುರ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೂ ಸಿದ್ದಿಯರ ಬಗ್ಗೆ ಶಾಲೆಯಲ್ಲಿ ಒಂದು ಸಾಲು ಓದಿದ ನೆನಪು ನನಗಿಲ್ಲ. ನಿಮ್ಮ ಮನೆ ಜಗಲಿಯಲ್ಲಿ ಕೂತು ಅಜ್ಜನ ಬಾಯಿಂದ ಎರಡು ಸಲ ಕೇಳಿದ್ದೆ. ಕೇಳಿಯೂ ಆ ಕೌಂಟರಿನಲ್ಲಿ ಆ ಮಾತು ಆಡಿದೆ. ಅದೇ ನನಗೆ ಜಾಸ್ತಿ ಚುಚ್ಚುತ್ತಿರುವುದು. ಗೊತ್ತಿಲ್ಲದೆ ಆಡಿದ್ದಲ್ಲ ಅದು. ಅವತ್ತು ಸಾಲಿನಲ್ಲಿ ನಿಂತಿದ್ದ ಹುಡುಗರು ನನ್ನನ್ನ ಮೆಚ್ಚಬೇಕಿತ್ತು. ಅದಕ್ಕೆ ನಿನ್ನನ್ನ ಕೊಟ್ಟೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಉಪ್ಪಿನ ಕಥೆ ಹೇಳಿ ಮುಗಿಸೋಣ ಅಂದುಕೊಂಡಿದ್ದೆ.

ಎಲ್ಲರೂ ಓದುವ ಕಡೆ ಹಾಕಿದ್ದು ಯಾಕೆ ಅಂದರೆ, ಆ ಮಾತು ಆಡಿದ್ದು ಎಲ್ಲರ ಎದುರು. ಅವತ್ತು ನಕ್ಕವರಲ್ಲಿ ಹತ್ತು ಹನ್ನೆರಡು ಜನ ಇದನ್ನ ಓದುತ್ತಾರೆ. ತಪ್ಪಾಯಿತು ಅಂತ ನಿನಗೊಬ್ಬನಿಗೇ ಕಿವಿಯಲ್ಲಿ ಹೇಳಿದರೆ ಅರ್ಧವೇ ಹೇಳಿದ ಹಾಗೆ. ತಪ್ಪಾಯಿತು ಕಣೋ. ನಿನ್ನ ಹೆಸರು ಎಲ್ಲೂ ಹಾಕಿಲ್ಲ. ಇದನ್ನ ಇಲ್ಲಿಂದ ತೆಗೆ ಅಂದರೆ ಆ ಕ್ಷಣ ತೆಗೆಯುತ್ತೇನೆ. ಉತ್ತರ ಬರೆಯಲೇಬೇಕು ಅಂತಿಲ್ಲ. ಸಿಟ್ಟು ಬಂದರೆ ಬೈ, ಫೋನ್ ಮಾಡಿಯೇ ಬೈ.

ಸರಿ, ಕೆಲಸದ ವಿಷಯಕ್ಕೆ ಬರುತ್ತೇನೆ. ಒಂದು ಉಪ್ಪಿನ ಮೊಟ್ಟೆ ತಗೊಂಡಿದ್ದೇನೆ, ಒಡೆದ ಗಡಿಗೆ ಸಮೇತ. ಎರಡು ಟೀ ಶರ್ಟಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಊರಿಗೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಳ್ಳುವುದಿಲ್ಲ, ಕೈಯಲ್ಲೇ ಹಿಡಿದುಕೊಂಡು ಬರುತ್ತೇನೆ. ಅಮ್ಮನಿಗೆ ಹೇಳು, ಇದನ್ನ ಕುಟ್ಟಬಾರದು, ತುರಿಯಬೇಕು. ತುರಿಮಣೆಯ ಹಲ್ಲಿಗೆ ಬಗ್ಗುತ್ತದೋ ಇಲ್ಲವೋ, ನಿಮ್ಮನೆಯಲ್ಲೇ ನೋಡೋಣ. ಗೆಣಸು ಇರಲಿ. ಇಡ್ಲಿಯೂ ಇರಲಿ, ಏಳನೆಯದ್ದು ಈ ಸಲ ನಿನಗೇ ಬಿಡುತ್ತೇನೆ.

ಅಜ್ಜನ ಡಮಾಮಿಯ ಚರ್ಮ ಸಡಿಲ ಆಗಿದೆ ಅಂದಿದ್ದೆಯಲ್ಲ, ಬಿಗಿಸಿದೆಯಾ?

ನಿನ್ನ,
ಹಾಸ್ಟೆಲ್ ರೂಮಿನ ಕಿಟಕಿ ಪಕ್ಕದವನು