ಎಸ್‌-100 ಪಾಸಿಟಿವ್‌ ಎಂದರೆ ಮೆಲನೋಮಾ ಎಂದೇ ಅರ್ಥವಲ್ಲ

ಮಾನ್ಯ ಸಂಪಾದಕರೇ,

ಬಯಾಪ್ಸಿ ವರದಿಯಲ್ಲಿ ‘ಎಸ್‌-100 ಪಾಸಿಟಿವ್‌’ ಎಂಬ ಸಾಲನ್ನು ಓದಿದ ಕೂಡಲೇ, ಮುಂದಿನ ಸಾಲನ್ನೂ ನೋಡದೆ, ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಂದ ಹುಟ್ಟುವ ಕ್ಯಾನ್ಸರ್‌, ಖಚಿತವಾಯಿತೆಂದು ಕಂಗಾಲಾಗುವವರನ್ನು ಪೆಥಾಲಜಿಸ್ಟ್‌ ಆದ ನಾನು ಮೇಲಿಂದ ಮೇಲೆ ಕಾಣುತ್ತಿದ್ದೇನೆ. ಆ ಸಾಲು ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೆ ತಿಳಿಸಬಯಸುತ್ತೇನೆ.

ಎಸ್‌-100 ಒಂದು ಪ್ರೋಟೀನು. 1965ರಲ್ಲಿ ಹಸುವಿನ ಮಿದುಳಿನಿಂದ ಅದನ್ನು ಬೇರ್ಪಡಿಸಿದಾಗ, ಶೇ 100ರಷ್ಟು ಸಂತೃಪ್ತವಾದ ಅಮೋನಿಯಂ ಸಲ್ಫೇಟ್‌ ದ್ರಾವಣದಲ್ಲೂ ಅದು ಕರಗಿಯೇ ಉಳಿದಿದ್ದರಿಂದ ಈ ಹೆಸರು ಬಂತು. ಮೆಲನೋಮಾ ಕೋಶಗಳಲ್ಲೂ ಅದು ಇದೆಯೆಂದು 1980ರ ಸುಮಾರಿಗೆ ತಿಳಿಯಿತು. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಮೂರು ನಾಲ್ಕು ಮೈಕ್ರಾನ್‌ ದಪ್ಪಕ್ಕೆ ಕೊಯ್ದು, ಆ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನೂ ಬಣ್ಣ ಕೊಡುವ ರಾಸಾಯನಿಕವನ್ನೂ ಹಾಕಿದರೆ, ಆ ಪ್ರೋಟೀನು ಇರುವ ಕೋಶಗಳು ಕಂದು ಬಣ್ಣ ತಾಳುತ್ತವೆ. ಇದನ್ನೇ ‘ಪಾಸಿಟಿವ್‌’ ಎನ್ನುತ್ತೇವೆ. ಕೋಶಗಳ ಗುರುತು ಹಿಡಿಯಲು ಹೀಗೆ ನೆರವಾಗುವುದನ್ನು ಮಾರ್ಕರ್‌ ಎನ್ನುತ್ತೇವೆ.

ಇದರ ಉಪಯೋಗ ಬಹಳ ದೊಡ್ಡದು. ತೊಡೆಸಂದಿನಲ್ಲಿ ಊದಿಕೊಂಡಿದ್ದ ದುಗ್ಧಗ್ರಂಥಿಯೊಂದರ ಬಯಾಪ್ಸಿಯಲ್ಲಿ ಒಮ್ಮೆ ದೊಡ್ಡ ದೊಡ್ಡ ವಿಕಾರ ಕೋಶಗಳು ಕಂಡವು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ ಕಣಗಳ ಸುಳಿವೇ ಇರಲಿಲ್ಲ. ಚರ್ಮದ ಮತ್ತು ಅಂಗಗಳ ಹೊದಿಕೆ ಪದರಗಳಿಂದ ಹುಟ್ಟುವ ಕಾರ್ಸಿನೋಮಾ, ದುಗ್ಧಕೋಶಗಳ ಕ್ಯಾನ್ಸರ್‌ ಆದ ಲಿಂಫೋಮಾ, ಮೆಲನೋಮಾ ಮೂರೂ ಹೀಗೆ ಕಾಣಬಲ್ಲವು, ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮೊದಲೆರಡರ ಮಾರ್ಕರ್‌ಗಳು ನೆಗೆಟಿವ್‌ ಬಂದು, ಮೆಲನೋಮಾದ ಮಾರ್ಕರ್‌ಗಳಾದ ಎಸ್‌-100, ಸಾಕ್ಸ್‌-10, ಮೆಲನ್‌-ಎ ಮೂರೂ ಪಾಸಿಟಿವ್‌ ಬಂದಾಗ, ತೊಡೆಸಂದಿನ ಗ್ರಂಥಿಗೆ ರೋಗ ಕಾಲಿನಿಂದ ಹರಡಿರಬಹುದು, ರೋಗಿಯ ಪಾದಗಳನ್ನು ಚೆನ್ನಾಗಿ ಪರೀಕ್ಷಿಸಿ ಎಂದು ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ಹೇಳಿದೆ. ಹಳೆಯ ಪೆಟ್ಟಿನ ಗುರುತೆಂದು ಎಲ್ಲರೂ ಬಿಟ್ಟಿದ್ದ ಕಪ್ಪು ಕಲೆಯೊಂದು ಅದೇ ಕಾಲಿನ ಹೆಬ್ಬೆರಳ ಉಗುರಿನಡಿ ಇತ್ತು.

ಆದರೆ ಎಸ್‌-100 ತೋರಿಸುವುದು ಕೋಶದ ಕುಲವನ್ನು, ಅದರ ಗುಣವನ್ನಲ್ಲ. ನಿರಪಾಯಕಾರಿ ಮಚ್ಚೆಯ ಕೋಶಗಳೂ ಮೆಲನೋಮಾದಷ್ಟೇ ಗಾಢವಾಗಿ ಕಂದಾಗುತ್ತವೆ. ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ಎಂಬ ಗಡ್ಡೆ, ಮೃದ್ವಸ್ಥಿ, ಕೊಬ್ಬು, ಚರ್ಮದಲ್ಲೇ ಸಹಜವಾಗಿರುವ ಲ್ಯಾಂಗರ್‌ಹಾನ್ಸ್‌ ಎಂಬ ರಕ್ಷಣಾ ಕೋಶಗಳು ಕೂಡ ಪಾಸಿಟಿವ್‌ ಆಗುತ್ತವೆ. ಚರ್ಮದ ತುಣುಕಿನಲ್ಲಿರುವ ಸಣ್ಣ ನರವೊಂದು ಕಂದಾಗಿದೆಯೇ ಎಂದು ನಾವು ಮೊದಲು ನೋಡುವುದು ಇದೇ ಕಾರಣಕ್ಕೆ. ಅದು ಕಂದಾಗದಿದ್ದರೆ ಆ ದಿನದ ಪರೀಕ್ಷೆಯನ್ನೇ ನಂಬುವಂತಿಲ್ಲ. ಮೆಲನಿನ್‌ ತಾನೇ ಕಂದಾಗಿರುವುದು ಇನ್ನೊಂದು ತೊಡಕು. ಬಣ್ಣ ಹೆಚ್ಚಿರುವ ಗಡ್ಡೆಯಲ್ಲಿ ಯಾವ ಕಂದು ಯಾವುದೆಂದು ತಿಳಿಯದೆ, ಕೆಂಪು ಬಣ್ಣ ಕೊಡುವ ರಾಸಾಯನಿಕದಿಂದ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಹಾಗಾದರೆ ಹೆಚ್ಚು ನಿರ್ದಿಷ್ಟವಾದ ಮಾರ್ಕರ್‌ ಒಂದೇ ಸಾಲದೇ ಎಂದು ಕೇಳಬಹುದು. ಎಚ್‌ಎಂಬಿ-45 ಎಂಬ ಮಾರ್ಕರ್‌ ಹೆಚ್ಚು ನಿರ್ದಿಷ್ಟವೇನೋ ಹೌದು, ಆದರೆ ಡೆಸ್ಮೋಪ್ಲಾಸ್ಟಿಕ್‌ ಎಂಬ ಬಗೆಯ ಮೆಲನೋಮಾದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್‌. ಅಲ್ಲಿ ಕೈಹಿಡಿಯುವುದು ಎಸ್‌-100 ಮತ್ತು ಸಾಕ್ಸ್‌-10. ಮಚ್ಚೆಗಳಲ್ಲಿ ಬಹುತೇಕ ನೆಗೆಟಿವ್‌ ಆಗಿದ್ದು ಮೆಲನೋಮಾಗಳಲ್ಲಿ ಹೆಚ್ಚಾಗಿ ಪಾಸಿಟಿವ್‌ ಆಗುವ ಪ್ರೇಮ್‌ ಎಂಬ ಮಾರ್ಕರ್‌ ಈಚಿನ ವರ್ಷಗಳಲ್ಲಿ ಬಹಳ ನೆರವಾಗಿದೆ, ಅದಕ್ಕೂ ಅಪವಾದಗಳಿವೆ. ಹೀಗಾಗಿ ಹಲವು ಮಾರ್ಕರ್‌ಗಳನ್ನು ಒಟ್ಟಿಗೆ ಓದಿ, ಮಾಮೂಲು ಬಣ್ಣದ ಸ್ಲೈಡಿನಲ್ಲಿ ಕಂಡ ಕೋಶಗಳ ಆಕಾರಕ್ಕೂ ಜೋಡಣೆಗೂ ತಾಳೆ ಹಾಕಿದ ಮೇಲೆಯೇ ನಿರ್ಣಯ ಬರೆಯಬೇಕು.

ಈ ಕೆಲಸಕ್ಕೆ ಅಂಗಾಂಶ ಬೇಕು, ಮಾಹಿತಿ ಬೇಕು. ಗಡ್ಡೆ ಎಲ್ಲಿತ್ತು, ಎಷ್ಟು ಕಾಲದಿಂದ ಇತ್ತು, ಹಿಂದೆ ಯಾವುದಾದರೂ ಮಚ್ಚೆ ತೆಗೆಸಿದ್ದುಂಟೇ ಎಂಬ ವಿವರಗಳನ್ನು ಕೋರಿಕೆ ಪತ್ರದಲ್ಲಿ ಖಾಲಿ ಬಿಡಬೇಡಿ ಎಂದು ವೈದ್ಯ ಮಿತ್ರರಲ್ಲಿ ಕೇಳಿಕೊಳ್ಳುತ್ತೇನೆ. ಬದಲಾಗುತ್ತಿರುವ ಮಚ್ಚೆಯನ್ನು ಯಾರೂ ಸುಡಿಸಿಕೊಳ್ಳಬಾರದು. ಸುಟ್ಟುಹೋದ ಮಚ್ಚೆಯಲ್ಲಿ ಪರೀಕ್ಷಿಸಲು ನಮಗೆ ಏನೂ ಉಳಿದಿರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಪೆಥಾಲಜಿಸ್ಟ್‌