ಇನ್ನೊಂದು ಆ್ಯಪ್ ಬೇಡ, ಕಡತ ಕೊಡಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಗ್ರಾಮಗಳ ಎಲ್ಲೆ ಮತ್ತು ಕನ್ನಡ ಹೆಸರುಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡುವ ಬಗ್ಗೆ

ಮಾನ್ಯರೇ,

ಹೊಲದ ಬದುವಿನ ಮೇಲೆ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಕಾಲ ಕೆಳಗಿನ ಜಮೀನಿನ ಸರ್ವೆ ನಂಬರ್ ಕಾಣಿಸುತ್ತದೆ. ರಾಜ್ಯದ ನಕ್ಷೆ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದಿದೆ ಎನ್ನಲು ಇಷ್ಟು ಸಾಕು. ಹಾಗಾಗಿ ನಾವು ಹೊಸ ಸರ್ವೆಯನ್ನಾಗಲಿ, ಹೊಸ ಆ್ಯಪನ್ನಾಗಲಿ ಕೇಳುತ್ತಿಲ್ಲ. ಸರ್ಕಾರದ ಬಳಿ ಇರುವ ದತ್ತಾಂಶದಲ್ಲಿ ಒಂದು ಪಾಲನ್ನು ಕಡತವಾಗಿ ಕೊಡಿ. ಅದನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮತ್ತೆ ಪ್ರಕಟಿಸಬಹುದು ಎಂದು ಸಹಿ ಹಾಕಿದ ಒಂದು ಪುಟದ ಪತ್ರ ಕೊಡಿ. ಈ ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ಆ ಒಂದು ಪುಟ.

ಕಾರಣ ಕಾನೂನಿನಲ್ಲಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರದ ಕೃತಿಯ ಹಕ್ಕು ಸಾಮಾನ್ಯವಾಗಿ ಸರ್ಕಾರದ್ದೇ, ಅದೂ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷದವರೆಗೆ. ಜಾಲತಾಣದಲ್ಲಿ ನಕ್ಷೆ ಕಣ್ಣಿಗೆ ಬಿದ್ದರೂ, ಕಡತ ಇಳಿಸಿಕೊಳ್ಳಲು ಸಿಕ್ಕಿದರೂ, ಪರವಾನಗಿಯ ಮಾತು ಬರೆದಿಲ್ಲವಾದರೆ ಅದನ್ನು ಮುಕ್ತ ನಕ್ಷೆಗೆ ಸೇರಿಸುವಂತಿಲ್ಲ. ಸ್ವಯಂಸೇವಕರು ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೆಲಸ ಮಾಡುವವರು ಈ ವಿಚಾರದಲ್ಲಿ ಬಹಳ ಕಟ್ಟುನಿಟ್ಟು. ಮೂಲ ಸ್ಪಷ್ಟವಿಲ್ಲದ ಗೆರೆ ಎಷ್ಟೇ ಸರಿಯಾಗಿದ್ದರೂ ಅಳಿಸಿಹಾಕುತ್ತಾರೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಶುರುವಾದದ್ದು 2004ರಲ್ಲಿ, ಬ್ರಿಟನ್ನಿನಲ್ಲಿ. ಜನರ ತೆರಿಗೆಯಲ್ಲಿ ಬೆಳೆದ ಸರ್ಕಾರಿ ಸರ್ವೆಯ ನಕ್ಷೆ ಜನರ ಕೈಗೆ ಸುಲಭವಾಗಿ ಸಿಗದಿದ್ದುದೇ ಅದಕ್ಕೆ ಪ್ರೇರಣೆ. ಆರು ವರ್ಷದ ನಂತರ, 2010ರ ಏಪ್ರಿಲ್‌ನಲ್ಲಿ, ಅಲ್ಲಿನ ಸರ್ಕಾರಿ ಸರ್ವೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆ ಹಲವು ನಕ್ಷೆಗಳನ್ನು ಮುಕ್ತಗೊಳಿಸಿತು. ವಾಣಿಜ್ಯ ನಕ್ಷೆಗೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಪರದೆಯ ಮೇಲಿನ ಚಿತ್ರದ ಜೊತೆಗೆ ಅದರ ಹಿಂದಿನ ದತ್ತಾಂಶವೂ ಪೂರ್ತಿ ಸಿಗುತ್ತದೆ. ಇಡೀ ಕರ್ನಾಟಕವನ್ನು ಇಳಿಸಿಕೊಂಡು ತಾಲ್ಲೂಕು ಕಚೇರಿಯ ಒಂದು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಇಂಥ ಆ್ಯಪ್‌ಗಳು ಆ ದತ್ತಾಂಶವನ್ನೇ ಮೊಬೈಲಿನಲ್ಲಿ ಇಟ್ಟುಕೊಳ್ಳುವುದರಿಂದ ಸಿಗ್ನಲ್ ಇಲ್ಲದ ಮಲೆನಾಡಿನ ರಸ್ತೆಯಲ್ಲೂ ದಾರಿ ತೋರಿಸುತ್ತವೆ. ಶರತ್ತು ಎರಡೇ: ಮೂಲವನ್ನು ಹೆಸರಿಸಬೇಕು, ದತ್ತಾಂಶವನ್ನು ತಿದ್ದಿ ಬೆಳೆಸಿ ಹಂಚಿದರೆ ಅದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು.

ಗೂಗಲ್ ಮ್ಯಾಪ್ಸ್ ಉಪಯುಕ್ತ ಎಂಬುದರಲ್ಲಿ ತಕರಾರಿಲ್ಲ. ಆದರೆ ಅದರ ಮೇಲೆ ಸಾರ್ವಜನಿಕ ಸೇವೆ ಕಟ್ಟಿದರೆ ದರವೂ ಶರತ್ತೂ ಅವರ ಕೈಯಲ್ಲಿ. 2018ಕ್ಕೆ ಮೊದಲು ಒಂದು ಜಾಲತಾಣ ದಿನಕ್ಕೆ 25,000 ಬಾರಿ ನಕ್ಷೆಯನ್ನು ಉಚಿತವಾಗಿ ತೋರಿಸಬಹುದಿತ್ತು. ಆ ವರ್ಷದ ಬದಲಾವಣೆಯ ನಂತರ ಉಚಿತವಾಗಿ ಉಳಿದದ್ದು ತಿಂಗಳಿಗೆ ಸುಮಾರು 28,000. 2024ರಲ್ಲಿ ಭಾರತಕ್ಕೆ ದರ ಇಳಿಸಿದರು. ಇಳಿಸಿದವರು ನಾಳೆ ಏರಿಸಲೂಬಹುದು. ಊರಿನವರು ಅಲ್ಲಿ ತಿದ್ದಿದ ಹೆಸರು, ಗುರುತಿಸಿದ ಶಾಲೆ ಕಂಪನಿಯ ಉಗ್ರಾಣ ಸೇರುತ್ತವೆ. ಪಂಚಾಯಿತಿಗೆ ಕಡತವಾಗಿ ಮರಳಿ ಸಿಗುವುದಿಲ್ಲ. ಸ್ವದೇಶಿ ಕಂಪನಿಯ ನಕ್ಷೆಯೂ ಪರವಾನಗಿ ಮುಚ್ಚಿದ್ದರೆ ಇದಕ್ಕಿಂತ ಭಿನ್ನವಲ್ಲ.

ಇನ್ನು ಹೆಸರಿನ ವಿಚಾರ. ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದು. 2014ರ ನವೆಂಬರ್ 1ರಂದು 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾದವು. ಹಳ್ಳಿಗಳಿಗೆ ಆ ಭಾಗ್ಯ ಬಂದಿಲ್ಲ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೂಡಲೇ ಣ–ನ, ಳ–ಲ, ಡ–ದ ಭೇದ ಅಳಿಯುತ್ತದೆ, ಹ್ರಸ್ವ ದೀರ್ಘ ಒಂದಾಗುತ್ತವೆ. ಅದನ್ನು ಯಂತ್ರದಿಂದ ಮತ್ತೆ ಕನ್ನಡಕ್ಕೆ ತಂದರೆ ಬಾಣಾವರ ‘ಬನವರ’ ಆಗುತ್ತದೆ, ಕಡೂರು ‘ಕದೂರ್’ ಆಗುತ್ತದೆ, ಹೊಸಹಳ್ಳಿಯ ಹಳ್ಳಿ ‘ಹಲ್ಲಿ’ಯಾಗುತ್ತದೆ. ಸರಿಯಾದ ರೂಪ ಇರುವುದು ನಿಮ್ಮ ಇಲಾಖೆಯ ದಾಖಲೆಯಲ್ಲಿ. ಒಂದೇ ಹೆಸರಿನ ಊರುಗಳು ಹತ್ತಾರಿರುವುದರಿಂದ ಪ್ರತಿ ಹೆಸರಿನ ಪಕ್ಕದಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಊರಿಗೂ ಕೊಟ್ಟಿರುವ ಗುರುತಿನ ಸಂಖ್ಯೆ, ಅಂದರೆ ಎಲ್‌ಜಿಡಿ ಕೋಡ್ ಇರಲೇಬೇಕು. ಆಗ ಯಾವ ಹೊಸಹಳ್ಳಿ ಎಂಬ ಪ್ರಶ್ನೆ ಏಳುವುದಿಲ್ಲ. ಬೇಚರಾಕ್ ಗ್ರಾಮಗಳನ್ನೂ ಬಿಡಬೇಡಿ; ಅಲ್ಲಿ ಮನೆ ಇಲ್ಲದಿದ್ದರೂ ಎಲ್ಲೆ ಇದೆ, ಗೋಮಾಳ ಇದೆ, ಕೆರೆ ಇದೆ. ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದಾಗ ಆ ಅಧಿಸೂಚನೆಯ ದಿನವೇ ಹೊಸ ಹೆಸರು ಕಡತಕ್ಕೂ ಸೇರಬೇಕು.

ಕಡತ ಹೇಗಿರಬೇಕು ಎಂಬುದನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ದತ್ತಾಂಶವೂ ಇಲ್ಲಿಯೇ ಹಾಳಾಗುತ್ತದೆ.

ಪಿಡಿಎಫ್ ಬೇಡ. ಅದರಿಂದ ಕನ್ನಡ ನಕಲು ಮಾಡಿದರೆ ಎಷ್ಟೋ ಸಲ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಾದ ಪಟ್ಟಿಗಳನ್ನು ಮೊದಲು ಯುನಿಕೋಡ್‌ಗೆ ಬದಲಿಸಬೇಕು, ಬದಲಿಸಿದ ಮೇಲೆ ಕನ್ನಡ ಬಲ್ಲ ಒಬ್ಬರು ಕೂತು ಓದಬೇಕು. ಶೇಪ್‌ಫೈಲ್ ಎಂಬ ನಕ್ಷೆ ಕಡತದ ಹಳೆಯ ಮಾದರಿ ಕನ್ನಡಕ್ಕೆ ಹೊಂದದು. ಅದರಲ್ಲಿ ಕಾಲಂಗಳ ಅಗಲವನ್ನು ಬೈಟ್ ಲೆಕ್ಕದಲ್ಲಿ ಮೊದಲೇ ನಿಗದಿ ಮಾಡಿರುತ್ತಾರೆ. ಯುನಿಕೋಡ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಗುಣಿತದ ಚಿಹ್ನೆಗೂ ಒತ್ತಕ್ಷರ ಕೂಡಿಸುವ ವಿರಾಮಕ್ಕೂ (್) ಬೇರೆ ಬೇರೆ. ಚಿಕ್ಕಬಳ್ಳಾಪುರ ಎಂಬ ಹೆಸರಿಗೆ 13 ಸಂಕೇತ, ಅಂದರೆ 39 ಬೈಟ್. ಕಾಲಂ 30 ಬೈಟ್ ಅಗಲವಿದ್ದರೆ ‘ಚಿಕ್ಕಬಳ್ಳಾ’ ಎಂಬಲ್ಲಿಗೆ ಹೆಸರು ತುಂಡಾಗುತ್ತದೆ, ತಪ್ಪಾಗಿದೆ ಎಂದು ತಂತ್ರಾಂಶ ಹೇಳದೆಯೂ ಇರಬಹುದು. ಆದ್ದರಿಂದ ಎಲ್ಲೆಗಳನ್ನು ಜಿಯೋಪ್ಯಾಕೇಜ್ ಅಥವಾ ಜಿಯೋಜೆಸನ್ ಮಾದರಿಯಲ್ಲಿ, ಬಿಂದುಗಳನ್ನು ಸಿಎಸ್‌ವಿಯಲ್ಲಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿಯಲ್ಲಿ, ಕೊಡಿ.

ಸಿಎಸ್‌ವಿಯಲ್ಲಿ ಅಕ್ಷಾಂಶ ಯಾವುದು, ರೇಖಾಂಶ ಯಾವುದು ಎಂದು ಕಾಲಂ ಶೀರ್ಷಿಕೆಯಲ್ಲೇ ಬರೆಯಿರಿ. ಬೆಂಗಳೂರಿನ 12.97, 77.59 ಅದಲುಬದಲಾದರೆ ಬಿಂದು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ದಶಮಾಂಶದ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್ ನಿಖರತೆ. ಮೂರಕ್ಕೆ ಮೊಟಕು ಮಾಡಿದರೆ 110 ಮೀಟರ್, ಅಷ್ಟರಲ್ಲಿ ಶಾಲೆ ಪಕ್ಕದ ಕೆರೆಯೊಳಗೆ ಕಾಣಿಸಬಹುದು. ಎಲ್ಲವೂ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ನಿರ್ದೇಶಾಂಕ ಪದ್ಧತಿಯಲ್ಲಿರಲಿ. ಹಳೆಯ ಟೋಪೋಶೀಟುಗಳ ಎವರೆಸ್ಟ್ ಪದ್ಧತಿಯ ಅಂಕಿಗಳನ್ನು ಪರಿವರ್ತಿಸದೆ ಹಾಕಿದರೆ ಊರಿಗೆ ಊರೇ ನೂರಕ್ಕೂ ಹೆಚ್ಚು ಮೀಟರ್ ಸರಿಯುತ್ತದೆ.

ಗ್ರಾಮ ನಕ್ಷೆಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅವು ಸರಪಳಿ ಹಿಡಿದು ಅಳೆದು ಬರೆದವು, ಅಕ್ಷಾಂಶ ರೇಖಾಂಶ ನೋಡಿ ಬರೆದವಲ್ಲ. ಬಹಳಷ್ಟು ನಕ್ಷೆಗಳ ಅಳತೆ ಒಂದು ಇಂಚಿಗೆ 660 ಅಡಿ, ಅಂದರೆ 1:7920. ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್; ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯೇ 4 ಮೀಟರ್ ನುಂಗುತ್ತದೆ. ಮಡಿಕೆ ಬಿದ್ದ, ತೇವಕ್ಕೆ ಹಿಗ್ಗಿದ ಹಾಳೆಯನ್ನು ಸ್ಕ್ಯಾನ್ ಮಾಡಿ ನಾಲ್ಕು ಮೂಲೆಗೆ ಕೂರಿಸಿದರೆ ನಡುವೆ ತಪ್ಪು ಉಳಿಯುತ್ತದೆ. ಪಕ್ಕದೂರಿನ ಹಾಳೆ ತಂದು ಜೋಡಿಸಿದಾಗ ಒಂದು ಕಡೆ ಎಲ್ಲೆಗಳು ಒಂದರ ಮೇಲೊಂದು ಏರುತ್ತವೆ, ಇನ್ನೊಂದು ಕಡೆ ಯಾವ ಊರಿಗೂ ಸೇರದ ಸಂದು ಬಿಡುತ್ತದೆ. ಇದಕ್ಕೆ ಮದ್ದು ಮೂರು ಊರಿನ ಎಲ್ಲೆ ಕೂಡುವ ಬಾಂದುಕಲ್ಲುಗಳು. ಅಲ್ಲಿ ಉಪಗ್ರಹದ ಸಂಕೇತದಿಂದ ಸ್ಥಾನ ಅಳೆಯುವ ರೋವರ್ ಇಟ್ಟು ತೆಗೆದ ನಿರ್ದೇಶಾಂಕಗಳಿದ್ದರೆ ಅವನ್ನೂ ಪ್ರತ್ಯೇಕ ಕಡತವಾಗಿ ಕೊಡಿ. ಆ ಕಲ್ಲುಗಳಿಗೆ ಕಟ್ಟಿದ ಹಾಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಜೊತೆಗೆ, ಈ ಗೆರೆ ಮಾಹಿತಿಗಾಗಿ ಮಾತ್ರ, ಹದ್ದುಬಸ್ತಿಗೆ ಅಲ್ಲ ಎಂಬ ಸಾಲು ಕಡತದೊಳಗೇ ಇರಲಿ. ಬದುವಿನ ಜಗಳಕ್ಕೆ ಯಾರೂ ಇದನ್ನು ಸಾಕ್ಷಿಯಾಗಿ ತರಬಾರದು.

ಭದ್ರತೆಯ ಮಾತು ಬರಬಹುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿ 15ರಂದು ಹೊರಡಿಸಿದ ಮಾರ್ಗಸೂಚಿ ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು, ಪ್ರಕಟಿಸಲು ಇದ್ದ ಪೂರ್ವಾನುಮತಿಯನ್ನು ತೆಗೆದುಹಾಕಿತು. ವಿದೇಶಿ ಸಂಸ್ಥೆಗಳಿಗೆ ಅದು ಇಟ್ಟ ಮಿತಿ 1 ಮೀಟರ್ ನಿಖರತೆ. ಮೇಲೆ ಹೇಳಿದ ಎಲ್ಲೆಗಳು ಅದಕ್ಕಿಂತ ಎಷ್ಟೋ ಒರಟು. ಕೊಡಬಾರದ್ದು ಖಂಡಿತ ಇದೆ: ಪಹಣಿಯಲ್ಲಿರುವ ಮಾಲೀಕರ ಹೆಸರು, ಖಾತೆ, ಸಾಲದ ವಿವರ. ಅವು ಈ ಕಡತದ ಹತ್ತಿರವೂ ಸುಳಿಯಬಾರದು. ನಾವು ಕೇಳುತ್ತಿರುವುದು ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆಗಳ ಎಲ್ಲೆ, ಕನ್ನಡ ಹೆಸರು, ಕೆರೆಗಳ ಹೆಸರು. ಹೋಬಳಿಯ ಎಲ್ಲೆಯಂತೂ ನೀವು ಹೇಳದೆ ಯಾರಿಗೂ ಗೊತ್ತಾಗುವಂಥದ್ದಲ್ಲ.

ಪರವಾನಗಿ ಪತ್ರದಲ್ಲಿ, ಈ ದತ್ತಾಂಶವನ್ನು ಓಪನ್ ಡೇಟಾಬೇಸ್ ಲೈಸೆನ್ಸ್ (ಮೇಲೆ ಹೇಳಿದ ಎರಡು ಶರತ್ತುಗಳ ಪರವಾನಗಿ) ಅಡಿಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಲು ಅನುಮತಿ ಇದೆ ಎಂದು ನೇರವಾಗಿ ಬರೆಸಿ. ಕ್ರಿಯೇಟಿವ್ ಕಾಮನ್ಸ್‌ನ ಆಟ್ರಿಬ್ಯೂಷನ್ (ಮೂಲವನ್ನು ಹೆಸರಿಸುವ ಶರತ್ತಿನ) ಪರವಾನಗಿ ಎಂದಷ್ಟೇ ಬರೆದರೆ ಸಾಲದು; ಅದಕ್ಕೆ ಮತ್ತೊಂದು ಒಪ್ಪಿಗೆ ಪತ್ರ ಕೇಳಬೇಕಾಗುತ್ತದೆ, ಅದರ ಬೆನ್ನು ಹತ್ತಿ ತಿಂಗಳುಗಳು ಹೋಗುತ್ತವೆ.

ಕಡತ ಸಿಕ್ಕ ರಾತ್ರಿಯೇ ಎಲ್ಲವನ್ನೂ ಒಟ್ಟಿಗೆ ಸುರಿಯುವುದಿಲ್ಲ ಎಂಬ ಮಾತನ್ನೂ ಕೊಡುತ್ತೇವೆ. ಅಮೆರಿಕದಲ್ಲಿ 2007–08ರಲ್ಲಿ ಜನಗಣತಿ ಇಲಾಖೆಯ ರಸ್ತೆ ದತ್ತಾಂಶವನ್ನು ಹಾಗೆ ಸುರಿದು, ತಪ್ಪಾದ ರಸ್ತೆಗಳನ್ನು ತಿದ್ದುತ್ತ ವರ್ಷಗಟ್ಟಲೆ ಕಳೆದರು. ತಾಲ್ಲೂಕಿಗೊಂದು ಕಂತು, ಪ್ರತಿ ಕಂತಿಗೆ ಮೊದಲು ಸಮುದಾಯದಲ್ಲಿ ಚರ್ಚೆ, ಈಗಾಗಲೇ ಇರುವ ಬಿಂದುಗಳ ಜೊತೆ ಒಂದೊಂದಾಗಿ ತಾಳೆ, ಆಮೇಲೆ ಸೇರ್ಪಡೆ. ನೆರೆಯ ಕೇರಳದಲ್ಲಿ ಸರ್ಕಾರದ ಐಟಿ ಮಿಷನ್ನೇ ಮುಂದೆ ನಿಂತು ‘ಮ್ಯಾಪಥಾನ್ ಕೇರಳಂ’ ಹೆಸರಿನಲ್ಲಿ ಜನರನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಕೆಲಸಕ್ಕೆ ಕರೆಯಿತು. ಗ್ರಾಮ ಆಡಳಿತಾಧಿಕಾರಿಗಳೂ ಭೂಮಾಪಕರೂ ಇರುವ ನಮ್ಮ ರಾಜ್ಯಕ್ಕೆ ಅದು ಭಾರವಲ್ಲ.

ಮೊದಲ ತಾಲ್ಲೂಕಾಗಿ ಮುಳಬಾಗಿಲನ್ನು ಆರಿಸಿಕೊಳ್ಳಿ ಎಂಬುದು ನಮ್ಮ ಕೋರಿಕೆ. ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ ವಲಯಗಳಾಗಿ ಭಾಗಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಕರ್ನಾಟಕದ ಬಹುಭಾಗ 43ನೇ ವಲಯದಲ್ಲಿದ್ದರೆ 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಮುಳಬಾಗಿಲು 44ರಲ್ಲಿದೆ. ಅಲ್ಲಿನ ಅಳತೆಗೆ ತಪ್ಪಿ 43 ಎಂದು ಗುರುತು ಹಾಕಿದರೆ ಇಡೀ ತಾಲ್ಲೂಕು ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಸರಿದು ಅರಬ್ಬೀ ಸಮುದ್ರದ ನಡುವೆ ನಿಲ್ಲುತ್ತದೆ. ಆಂಧ್ರದ ಗಡಿಯೂ ಅಲ್ಲಿಯೇ ಇರುವುದರಿಂದ ಎರಡು ರಾಜ್ಯಗಳ ಎಲ್ಲೆ ಕೂಡುತ್ತದೆಯೇ ಎಂಬ ಪರೀಕ್ಷೆಯೂ ಆಗುತ್ತದೆ. ಅಲ್ಲಿ ಸರಿಯಾಗಿ ಕೂತ ಕಡತದ ಮಾದರಿಯನ್ನೇ ಉಳಿದ ತಾಲ್ಲೂಕುಗಳಿಗೂ ಇಟ್ಟುಕೊಳ್ಳಬಹುದು. ಆ ಒಂದು ತಾಲ್ಲೂಕಿನ ಕಡತವನ್ನೂ ಒಂದು ಪುಟದ ಅನುಮತಿ ಪತ್ರವನ್ನೂ ಲಾಗಿನ್ ಕೇಳದ ಒಂದು ಕೊಂಡಿಯಲ್ಲಿ, ದಿನಾಂಕ ಹಾಕಿ ಇಡಲು ಭೂಮಾಪನ ಆಯುಕ್ತರಿಗೆ ಆದೇಶ ನೀಡಬೇಕೆಂದು ಕೋರುತ್ತೇವೆ. ತಾಳೆ ನೋಡುವ, ತಪ್ಪುಗಳನ್ನು ಪಟ್ಟಿ ಮಾಡಿ ಇಲಾಖೆಗೆ ಮರಳಿಸುವ ಕೆಲಸ ನಮ್ಮದು.

ಇಂತಿ,
ಕನ್ನಡದಲ್ಲಿ ಮುಕ್ತ ನಕ್ಷೆ ಕಟ್ಟುತ್ತಿರುವ ಸ್ವಯಂಸೇವಕರು